ಎಡ ಅಂಗೈ

ಸುಧಾರಾಣಿ ಯಾವ ಆರೈಕೆ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಮಲಗಿದವರ ಹಿಮ್ಮಡಿ. ಗೋಡೆಗೆ ಸುಣ್ಣ ಬಳಿಯಬಹುದು, ಹಾಸಿಗೆಗೆ ಒಗೆದ ಚಾದರ ಹಾಸಬಹುದು, ಬಂದವರ ಕಣ್ಣೆದುರು ಮುದುಕರಿಗೆ ಬಾಳೆಹಣ್ಣು ಸುಲಿದು ಕೊಡಬಹುದು. ಆದರೆ ವರ್ಷಗಟ್ಟಲೆ ಹಾಸಿಗೆ ಹಿಡಿದವರ ಹಿಮ್ಮಡಿಗೆ ಒಂದು ದಿನದಲ್ಲಿ ಯಾರೂ ಹೊಸ ಚರ್ಮ ಬರಿಸಲಾರರು. ಸವಣೂರಿನ ದವಾಖಾನೆಯಲ್ಲಿ ನರ್ಸಾಗಿ ಆಯುಷ್ಯ ಕಳೆದು ನಿವೃತ್ತಳಾದ ಮೇಲೆ ಅವಳನ್ನು ಹಿರಿಯರ ಆರೈಕೆ ಪರಿಶೀಲನಾ ಸಮಿತಿಗೆ ಸೇರಿಸಿಕೊಂಡಿದ್ದರು. ಆ ಸಮಿತಿಯ ಪ್ರಶ್ನೆಪಟ್ಟಿಯಲ್ಲಿ ಹಿಮ್ಮಡಿಯ ಪ್ರಶ್ನೆ ಇರಲಿಲ್ಲ. ಅದು ಅವಳದೇ ಪ್ರಶ್ನೆ.

ಶಿಗ್ಗಾಂವದ ಹೊರಗೆ, ಹೆದ್ದಾರಿಯ ಲಾರಿಗಳ ಸದ್ದು ಸಣ್ಣಗೆ ಕೇಳುವಷ್ಟು ದೂರದಲ್ಲಿದ್ದ ‘ನೆಳಲು’ ಮನೆಯಲ್ಲಿ ಹಿಮ್ಮಡಿಗಳೆಲ್ಲ ಚೆನ್ನಾಗಿದ್ದವು. ಕಾಳಿನ ವ್ಯಾಪಾರ ಮಾಡುತ್ತಿದ್ದ ಹಾಲೇಶ ತನ್ನ ತಾಯಿ ಹಾಸಿಗೆಯಲ್ಲೇ ಹುಣ್ಣಾಗಿ ತೀರಿಕೊಂಡ ಮೇಲೆ ಗೋದಾಮನ್ನೇ ಒಡೆದು ಈ ಮನೆ ಮಾಡಿಸಿದ್ದ. ಈಗಲೂ ಮಳೆ ಬಂದ ದಿನ ಗೋಡೆಗಳು ಹಳೆಯ ಜೋಳದ ವಾಸನೆ ಬಿಡುತ್ತಿದ್ದವು. ಅವನು ಸುಧಾರಾಣಿಯ ಹಿಂದೆ ಹಿಂದೆ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಓಡಾಡುತ್ತಿದ್ದ.

‘ಆರಾಮದೀರೇನ್ರಿ?’ ಎಂದು ಅವಳು ಒಂದೊಂದು ಮಂಚದ ಬಳಿ ನಿಂತು ಕೇಳಿದಳು.

‘ಆರಾಮ್ ಅದೀನ್ರಿ,’ ಎಂದರು ಎಲ್ಲರೂ. ಆ ಸೀಮೆಯಲ್ಲಿ ಯಾರು ಕೇಳಿದರೂ, ಯಾವಾಗ ಕೇಳಿದರೂ ಅದೇ ಉತ್ತರ. ಬಂದವರ ಮುಂದೆ ನೋವು ಬಿಚ್ಚಿಡುವುದು ಮರ್ಯಾದೆಯಲ್ಲ.

ಮಲ್ಲೇಶಪ್ಪ ಎಂಬ ಮುದುಕ ಮಾತ್ರ ಕಂಬಳಿಯೊಳಗಿಂದ ತಲೆ ಎತ್ತಿದ. ‘ಆರಾಮ್ ಅಂತ ಬರಕೋರಿ ಮೇಡಮ್ಮಾರ. ಕಾಲಿಲ್ಲ, ಹಲ್ಲಿಲ್ಲ, ನಿದ್ದಿ ಇಲ್ಲ. ಉಳದದ್ದೆಲ್ಲಾ ಆರಾಮ್ ಐತಿ.’

ಜೊತೆಗೆ ಬಂದಿದ್ದ ಮಜೀದ ನಕ್ಕುಬಿಟ್ಟ. ಅವನು ಇಲಾಖೆಯ ಅಧಿಕಾರಿ, ಸವಣೂರಿನವನೇ. ಸುಧಾರಾಣಿ ಹೇಳಿದ್ದನ್ನು ಟ್ಯಾಬಿನಲ್ಲಿ ಒತ್ತುವುದು ಅವನ ಕೆಲಸ. ‘ಮೇಡಂ, ಇದಕ್ಕ ಪೂರಾ ಮಾರ್ಕ್ಸ್ ಕೊಟ್ಟುಬಿಡೂಣೇನ್ರಿ? ಇಷ್ಟು ಮನಿ ನೋಡೇವಿ, ವಾಸನಿ ಬರಲಾರದ ಮನಿ ಇದೊಂದ.’

‘ತಡೀಪಾ. ಇನ್ನೊಂದು ಮಂಚ ಐತಿ.’

ಆ ಉಳಿದ ಮಂಚದ ಮೇಲೆ, ಗೋಡೆಗೆ ದಿಂಬು ಕೊಟ್ಟು ಮಹಾದೇವಕ್ಕ ಕೂತಿದ್ದಳು. ಹಿರೇಕೆರೂರು ಕಡೆಯವಳು. ಮಕ್ಕಳಿರಲಿಲ್ಲ. ತಮ್ಮನ ಮನೆಯಲ್ಲಿ ಅವನ ಸಂಸಾರವನ್ನು ಸಾಕಿದವಳು, ತಮ್ಮ ತೀರಿದ ಮೇಲೆ ಯಾರಿಂದಲೂ ಹೇಳಿಸಿಕೊಳ್ಳದೆ ತಾನೇ ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದಿದ್ದಳು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಎಡಗೈ ನೆಟ್ಟಗಿತ್ತು. ಹಿಮ್ಮಡಿಗಳು ನುಣುಪಾಗಿದ್ದವು. ಸೀರೆ ಮಡಿಯಾಗಿತ್ತು. ಆದರೆ ಕೊರಳಿನ ಕೆಳಗೆ ಎಲುಬುಗಳ ನಡುವೆ ನೀರು ನಿಲ್ಲುವಷ್ಟು ಗುಣಿ ಬಿದ್ದಿತ್ತು. ಪಕ್ಕದ ಸ್ಟೂಲಿನ ಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿ ಮುಟ್ಟದೆ ಒಣಗಿತ್ತು.

‘ಯಾಕ್ರಿ ಅಕ್ಕಾರ, ಉಂಡಿಲ್ಲ?’

ಹಾಲೇಶ ನಡುವೆ ಬಂದ. ‘ಎರಡ ವಾರ ಆಗಾಕ ಬಂತ್ರಿ. ಗುಳಗಿ ನುಂಗಾಕ ಒಂದೀಟ ಸಕ್ರಿನೀರು ತಗೊಂತಾರ, ಅಷ್ಟ. ಡಾಕ್ಟರು ನೋಡ್ಯಾರ, ಮರವು ಅಂತ ಬರದಾರ. ಹಿಂದಕ್ಕೊಮ್ಮಿ ತೀರಿದ ತಮ್ಮನ್ನ ಊಟಕ್ಕ ಕರದಿದ್ರು. ಈಗ ನೋಡಿದ್ರ ಎಲ್ಲಾದಕ್ಕೂ ‘ಇದು ನಂದಲ್ಲ’ ಅಂತಾರ.’

‘ಎಲ್ಲಾದಕ್ಕೂ ಅಂದಿಲ್ಲೋ ಹಾಲೇಶಿ.’ ಮಹಾದೇವಕ್ಕನ ದನಿ ಒಣಗಿತ್ತು, ನಡುಗಲಿಲ್ಲ. ‘ಈ ಸೀರಿ ನಂದು. ಈ ಮಂಚ ನಿಂದು. ಈ ಹಲ್ಲು ಡಾಕ್ಟರಂದು. ಇದೊಂದು ನಂದಲ್ಲ.’

ಎದೆಯ ಮೇಲೆ ಬಿಳಿ ದಾರದಲ್ಲಿ ತೂಗುತ್ತಿದ್ದ ಸಣ್ಣ ಬಟ್ಟೆಯ ಗಂಟನ್ನು ಅವಳು ಎಡಗೈಯಿಂದ ತೋರಿಸಿದಳು. ಅದರೊಳಗೆ ಇರುವುದೇನೆಂದು ಸುಧಾರಾಣಿಗೆ ಹೇಳಬೇಕಾಗಿರಲಿಲ್ಲ. ಅವಳ ಕುಪ್ಪಸದೊಳಗೂ ಅಂಥದೇ ಒಂದಿತ್ತು. ಹುಟ್ಟಿದಾಗ ಗುರು ಕಟ್ಟಿದ ಲಿಂಗ. ದಿನವೂ ಎಡ ಅಂಗೈಯಲ್ಲಿಟ್ಟು, ವಿಭೂತಿ ಧರಿಸಿ, ನೀರೆರೆದು, ಪತ್ರಿ ಏರಿಸಿ, ಕಣ್ಣಿಟ್ಟು ನೋಡಿ, ಆಮೇಲೆ ಬಾಯಿಗೆ ತುತ್ತು. ಸುಧಾರಾಣಿಯದು ಈಚೆಗೆ ಅವಸರದ ಪೂಜೆ. ಬಸ್ಸಿನ ಹೊತ್ತಿಗೆ ಕಣ್ಣಿಗೊತ್ತಿಕೊಂಡು ಮುಗಿಸುವಂಥದ್ದು. ಮಹಾದೇವಕ್ಕನದು ಹಾಗಲ್ಲವೆಂದು ಆ ಅಂಗೈ ನೋಡಿದರೆ ತಿಳಿಯುತ್ತಿತ್ತು. ಅದು ಬರಿದಾಗಿದ್ದಾಗಲೂ ಏನನ್ನೋ ಹಿಡಿದ ಹಾಗೆ ಮಡಚಿಕೊಂಡಿತ್ತು.

ಸುಧಾರಾಣಿ ಗಂಟು ಬಿಚ್ಚಿ ಲಿಂಗವನ್ನು ಕೈಗೆ ತೆಗೆದುಕೊಂಡಳು. ಕಪ್ಪು ಲೇಪದ, ನುಣ್ಣನೆಯ, ಎಲ್ಲರದರಂತೆಯೇ ಇದ್ದ ಒಂದು ಲಿಂಗ.

‘ಎಲ್ಲಾ ಒಂದ ಥರಾ ಇರ್ತಾವಲ್ರೀ ಅಕ್ಕಾರ. ನಿಮ್ಮದಲ್ಲ ಅಂತ ಹೆಂಗ ತಿಳೀತು?’

‘ನಿನ್ನ ಗಂಡನ ಕೈ ಕತ್ತಲ್ಯಾಗ ಹಿಡದ್ರ ನಿನಗ ಗೊತ್ತಾಗಂಗಿಲ್ಲೇನ?’

ಮಜೀದ ಟ್ಯಾಬಿನೊಳಗೆ ಮುಖ ಹುದುಗಿಸಿದ. ಸುಧಾರಾಣಿಯ ಗಂಡ ಹೋಗಿ ಬಹಳ ಕಾಲವಾಗಿತ್ತು. ಆದರೂ ಆ ಕೈ ಗೊತ್ತಾಗುತ್ತಿತ್ತು.

‘ನಂದು ಒಂದ ಕಡೆ ಸವದಿತ್ತು,’ ಎಂದಳು ಮಹಾದೇವಕ್ಕ. ‘ಹೆಬ್ಬಟ್ಟು ಕುಂದರತಿತ್ತು ಅಲ್ಲೆ. ಇದು ಕೈಯಾಗ ಕುಂದ್ರವಲ್ದು. ಬ್ಯಾರೆಯವರ ಮನ್ಯಾಗ ಬಂದು ನಿಂತಂಗ ನಿಲ್ತೈತಿ. ಅದಕ್ಕ ನಾ ನೀರು ಹೆಂಗ ಹಾಕಲಿ? ಹಾಕಲಾರದ ಹೆಂಗ ಉಣ್ಣಲಿ?’

ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ರಾಜಶ್ರೀ ಒಳಗೆ ಬಂದಳು. ದುಂಡಸಿಯಿಂದ ದಿನಾ ಬಸ್ಸಿಗೆ ಬರುವ ಹೆಣ್ಣುಮಗಳು. ಇಲ್ಲಿಯ ಹೆಂಗಸರಿಗೆಲ್ಲ ಜಳಕ ಮಾಡಿಸುವವಳು ಅವಳೇ. ಮಹಾದೇವಕ್ಕನ ಬಲಗೈ ಬಿದ್ದಾಗಿನಿಂದ ಪೂಜೆಗೆ ನೀರೆರೆಯುತ್ತಿದ್ದವಳೂ ಅವಳೇ. ಮನೆಯಲ್ಲಿ ಬುದ್ಧನ ಪಟವಿಟ್ಟವಳಿಂದ ಲಿಂಗಕ್ಕೆ ನೀರು ಹಾಕಿಸುತ್ತೀಯಲ್ಲ ಎಂದು ಯಾರೋ ಕೇಳಿದಾಗ, ‘ಬುದ್ಧ ಏನ್ ಬ್ಯಾಡ ಅಂದಾನೇನ, ಕೇಳ್ಕೊಂಡು ಬಾ ಹೋಗು’ ಎಂದಿದ್ದಳಂತೆ ಮಹಾದೇವಕ್ಕ.

‘ನನ್ನ ಮ್ಯಾಲೆ ಬರ್ತೈತೇನ್ರಿ ಇದು?’ ಎಂದಳು ರಾಜಶ್ರೀ. ‘ಜಳಕದ ದಿನ ನಾನ ತಗದು ಗೋಡಿಗಿ ಹಾಕಿದ್ದೆ, ಖರೆ. ಹೊರಗ ಬರೂದ್ರಾಗ ಅಲ್ಲಿದ್ದದ್ದನ್ನ ನಾನ ಕೊಳ್ಳಾಗ ಹಾಕಿದ್ದು, ಅದೂ ಖರೆ. ಬ್ಯಾರೆ ಏನೂ ಮುಟ್ಟಿಲ್ಲ.’

‘ಯಾರ ಮ್ಯಾಲೂ ಬರಂಗಿಲ್ಲ. ಅವತ್ತ ಏನೇನಾತು, ಅಷ್ಟ ಹೇಳು.’

ರಾಜಶ್ರೀ ಹೇಳಿದ್ದು ಸರಳವಾಗಿತ್ತು. ಶಿವರಾತ್ರಿಗೆ ಹಾಲೇಶ ಎಲ್ಲರಿಗೂ ಹೊಸ ದಾರ, ಹೊಸ ಬಿಳಿ ಬಟ್ಟೆ ತಂದು ಕಟ್ಟಿಸಿದ್ದ. ಹಳೆಯವು ಬೆವರಿಗೆ ಕಂದಿದ್ದವು. ಜಳಕದ ದಿನ ಲಿಂಗಗಳು ಒದ್ದೆಯಾಗಬಾರದು, ನೆಲಕ್ಕೆ ಬೀಳಬಾರದು ಎಂದು ಬಚ್ಚಲ ಹೊರಗಿನ ಗೋಡೆಗೆ ಮಂಚಗಳ ಸಾಲಿನಂತೆಯೇ ಮೊಳೆ ಹೊಡೆಸಿದ್ದ. ಕಿಟಕಿ ಬದಿಯ ಮಂಚದವರದು ಕೊನೆಯ ಮೊಳೆ, ಅದರ ಪಕ್ಕದವರದು ಅದರ ಪಕ್ಕ. ಕಿಟಕಿ ಬದಿಗೆ ಮಹಾದೇವಕ್ಕ, ಪಕ್ಕಕ್ಕೆ ಆಡೂರಿನ ಫಕ್ಕೀರವ್ವ. ಫಕ್ಕೀರವ್ವನಿಗೆ ಉಸಿರು ಕಟ್ಟತೊಡಗಿದಾಗ, ಗಾಳಿ ಬರಲಿ ಎಂದು ಮಹಾದೇವಕ್ಕ ತನ್ನ ಜಾಗ ಬಿಟ್ಟುಕೊಟ್ಟಿದ್ದಳು. ಜನ ಅದಲುಬದಲಾದರು, ಮೊಳೆಗಳು ಹಾಗೇ ಉಳಿದವು. ಡಾಕ್ಟರು ಎದೆ ನೋಡುವಾಗ ಫಕ್ಕೀರವ್ವನ ಲಿಂಗ ಅವಳ ಹಳೆಯ ಮೊಳೆಗೇ ಹೋಗಿ ಅಲ್ಲೇ ಉಳಿಯಿತು. ಮರುದಿನ, ತನ್ನ ಲಿಂಗವನ್ನು ಎಂದಿನ ಕೊನೆಯ ಮೊಳೆಗೆ ಹಾಕಿಸಿ ಮಹಾದೇವಕ್ಕ ಬಚ್ಚಲಲ್ಲಿದ್ದಾಗ, ಫಕ್ಕೀರವ್ವ ತೀರಿಕೊಂಡಳು. ಅವಳ ಅಕ್ಕನ ಮಗ ಉಳವಪ್ಪ ಟ್ರ್ಯಾಕ್ಟರ್ ತಂದ. ಹೊತ್ತು ಏರುವುದರೊಳಗೆ ಮಣ್ಣು ಮಾಡಬೇಕು ಎಂದು ಅವಸರ. ಲಿಂಗ ಎಲ್ಲಿ ಎಂದ.

‘ನಾನ ಕೊಟ್ಟೆ,’ ಎಂದ ಹಾಲೇಶ.

‘ಯಾವ ಮೊಳಿ ಮ್ಯಾಲಿಂದು?’

‘ಕಿಡಕಿ ಕಡೆ ಮಲಗಿದ್ರಲ್ರೀ ಫಕ್ಕೀರವ್ವಾರು. ಕಿಡಕಿ ಕಡೆ ಮೊಳೀದು...’

ಹಾಲೇಶ ಗೋಡೆ ಹಿಡಿದು ಕೆಳಗೆ ಕೂತ. ಸತ್ತವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವಿಟ್ಟು, ವಿಭೂತಿ ಪತ್ರಿ ತುಂಬಿ ಮಣ್ಣು ಕೊಡುವುದು ಅವನಿಗೂ ಗೊತ್ತಿದ್ದ ಪದ್ಧತಿ. ತಾಯಿಗೆ ಅವನೇ ಮಾಡಿದ್ದ. ಮಹಾದೇವಕ್ಕನ ಲಿಂಗ ಆಡೂರಿನ ಮಣ್ಣಿನೊಳಗೆ ಫಕ್ಕೀರವ್ವನ ಕೈಯಲ್ಲಿತ್ತು.

ಅದನ್ನು ಬಾಯಿಬಿಟ್ಟು ಹೇಳಿದವಳು ಮಹಾದೇವಕ್ಕನೇ.

‘ನಾ ಅವತ್ತ ಹೇಳಿದ್ನಿ. ಮರವು ಅಂದ್ರಿ. ನನ್ನ ಮಣ್ಣು ಮಾಡಿ ಬಂದೀರಿ, ಊಟಾ ಮಾಡಂತೀರಿ.’

*

ಆಡೂರಿಗೆ ಹೋದಾಗ ಉಳವಪ್ಪ ಕಣದಲ್ಲಿ ಗೋವಿನಜೋಳ ಬಿಡಿಸುವ ಯಂತ್ರದ ಮುಂದಿದ್ದ. ಸದ್ದು ನಿಲ್ಲಿಸಿ, ಗೋಣಿಚೀಲ ಝಾಡಿಸಿ ಹಾಸಿ, ‘ಕುಂದರ್ರಿ, ಕುಂದರ್ರಿ’ ಎಂದು ಚಹಾ ತರಿಸಿದ. ಸಣ್ಣವ್ವ ಫಕ್ಕೀರವ್ವನ ಬಗ್ಗೆ ಬಂದಿದ್ದಾರೆಂದು ಕೇಳಿ ಅವನ ಮುಖ ಮೆತ್ತಗಾಯಿತು.

‘ಹಾಲೇಶಪ್ಪಾರ ಮನಿ ಬಗ್ಗೆ ಕೇಳಾಕ ಬಂದೀರೇನ್ರಿ? ಛಲೋ ನೋಡ್ಕೊಂಡ್ರು. ನಮ್ಮ ಮನ್ಯಾಗ ಎತ್ತಿ ಕುಂದ್ರಸವರು ಇರಲಿಲ್ಲ. ಅವ್ವಗ ಆಕೀದ ಆಕಿಗೆ ಆಗಂಗಿಲ್ಲ. ಕಡೀಗೂ ಮಣ್ಣು ಛಂದ ಆತು. ನಮ್ಮ ಅವ್ವ ದಿನಾ ಅನ್ತಾಳ, ತಂಗಿ ಕೈಯಾಗ ಲಿಂಗ ಹಿಡಕೊಂಡು ನಕ್ಕೊಂತ ಕುಂತಂಗ ಕುಂತಿದ್ಲು ಅಂತ.’

ಆ ಮಾತು ಕೇಳಿದ ಮೇಲೆ ಸುಧಾರಾಣಿ ಬಟ್ಟಲು ಎತ್ತಿಕೊಂಡಳು. ಚಹಾ ಕುಡಿದಳು. ಮಜೀದ ಅವಳ ಮುಖ ನೋಡಿದ. ಕೊನೆಗೆ ಹೇಳಲೇಬೇಕಾಯಿತು, ಹೇಳದಿದ್ದರೆ ಶಿಗ್ಗಾಂವದಲ್ಲಿ ಒಬ್ಬಳು ಉಣ್ಣದೆ ಕೂತಿದ್ದಾಳೆ.

ಉಳವಪ್ಪ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ತೆನೆಯ ಕಾಳನ್ನು ಒಂದೊಂದಾಗಿ ಬಿಡಿಸಿ ಕೆಳಗೆ ಹಾಕುತ್ತಿದ್ದ. ಕಾಳು ಮುಗಿದವು. ಬರಿಯ ದಿಂಡು ಉಳಿಯಿತು.

‘ಮೇಡಮ್ಮಾರ, ನೀವು ಈಗ ಹೇಳಿದ್ದನ್ನ ನಾ ಕೇಳಿಲ್ಲ ಅಂತ ತಿಳಕೋರಿ.’

‘ಅಲ್ರೀ, ಆ ಅಕ್ಕಾರ...’

‘ಐಕ್ಯ ಆದವರನ್ನ ಎಬ್ಬಸ್ತಾರೇನ್ರಿ? ಆ ಮಣ್ಣು ಮುಟ್ಟೂದು ಅಂದ್ರ ಏನು? ನಾಳೆ ಊರು ಏನನ್ತೈತಿ? ನಮ್ಮ ಸಣ್ಣವ್ವ ಬ್ಯಾರೆಯವರದು ಹಿಡಕೊಂಡು ಕುಂತಾಳ ಅಂತ ನಮ್ಮವ್ವಗ ಗೊತ್ತಾದ್ರ ಆಕೀನೂ ಉಣ್ಣಾಂಗಿಲ್ಲ. ಒಬ್ಬಾಕಿ ಉಪಾಸ ಬಿಡಸಾಕ ಬಂದು ಇನ್ನೊಬ್ಬಾಕೀನ ಉಪಾಸ ಕೆಡವತೀರೇನ್ರಿ?’

ಅವನು ಜೋರು ಮಾಡಿ ಹೇಳಲಿಲ್ಲ. ಸುಧಾರಾಣಿ ಚಹಾದ ಬಟ್ಟಲು ಕೆಳಗಿಟ್ಟು ಎದ್ದಳು.

ಕಾರು ಹೊರಟ ಮೇಲೆ ಅವನು ಹಿಂದಿನಿಂದ ಓಡಿ ಬಂದ. ಮಜೀದ ಗಾಜು ಇಳಿಸಿದ. ಉಳವಪ್ಪ ಏದುಸಿರು ಬಿಡುತ್ತ ಕೇಳಿದ: ‘ಹಂಗಾರ ಆ ಮುದುಕಿ ಕೊಳ್ಳಾಗ ಇರೂದು ನಮ್ಮ ಸಣ್ಣವ್ವಂದು, ಹೌದಲ್ರೀ?’

‘ಹೌದ್ರಿ.’

‘ಅದನ್ನ ನಾ ತರಬೇಕೋ, ಬಿಡಬೇಕೋ? ತಂದ್ರ ಎಲ್ಲಿ ಇಡಲಿ? ನೀವು ದೊಡ್ಡವರು, ಹೇಳ್ರಲಾ.’

ಸುಧಾರಾಣಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದಳು. ಅವನು ದಾರಿಯಲ್ಲೇ ನಿಂತುಕೊಂಡ. ಒಂದು ತಾಸಿನ ಹಿಂದೆ ಅವನ ಮನೆಯ ಸಾವು ಮುಗಿದಿತ್ತು. ಈಗ ಮತ್ತೆ ತೆರೆದುಕೊಂಡಿತ್ತು.

ಕಾರು ಹಾನಗಲ್ಲು ದಾಟಿತು. ಮಜೀದ ಕೇಳಿದ: ‘ಹೊಸಾದು ಕೊಡಸಾಕ ಬರಂಗಿಲ್ಲೇನ್ರಿ ಮೇಡಂ? ನನಗ ಗೊತ್ತಿಲ್ಲ, ಅದಕ್ಕ ಕೇಳಾಕತ್ತೇನಿ.’

‘ಬರ್ತೈತಿ. ಕಳಕೊಂಡವರಿಗೆ ಗುರು ಮತ್ತೊಮ್ಮಿ ಕಟ್ತಾರ. ಆಕಿ ತಗೊಂಡ್ರ.’

*

ಹಾಲೇಶನೇ ಹೋಗಿ ಲಿಂಗ ಕಟ್ಟಿಕೊಡುವ ವಯಸ್ಸಾದ ಅಯ್ಯನವರೊಬ್ಬರನ್ನು ಕರೆತಂದ. ಅವರು ಮಂಚದ ಮೇಲೆ ಕೂರಲಿಲ್ಲ; ಮಹಾದೇವಕ್ಕನ ಎದುರಿಗೆ ಸ್ಟೂಲಿನ ಮೇಲೆ ಕೂತು, ಅವಳು ಒಂದೇ ಕೈಯಲ್ಲಿ ಸೆರಗು ತಲೆಗೆಳೆದುಕೊಳ್ಳುವವರೆಗೂ ಕಾದರು. ಅವಳು ಬಾಗಿ ಅವರ ಪಾದ ಮುಟ್ಟಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಒಂದಿಷ್ಟು ಬೆಳಕಿತ್ತು. ರಾಜಶ್ರೀ ಪತ್ರಿ ತೊಳೆದು ತಟ್ಟೆಯಲ್ಲಿಟ್ಟಿದ್ದಳು. ಅಡುಗೆಮನೆಯಲ್ಲಿ ಹಾಲು ಕಾಯಿಸಿ ಇಟ್ಟಿದ್ದರು. ಇವತ್ತು ಉಣ್ಣುತ್ತಾಳೆಂದು ಎಲ್ಲರೂ ನಂಬಿದ್ದರು.

‘ನೋಡವ್ವ,’ ಎಂದರು ಅಯ್ಯನವರು. ‘ಗುರು ಕೊಟ್ಟದ್ದು ಕಲ್ಲಲ್ಲ, ಅರಿವು. ಅದು ಮಣ್ಣಾಗ ಹೋಗಂಗಿಲ್ಲ. ಕೈಯಾಗ ಹಿಡಿಯೂದು ಒಂದು ಗುರುತು. ಗುರುತು ಹೋತು, ಮತ್ತೊಂದು ಕಟ್ಟೇನಿ.’

‘ನಿಮ್ಮ ಮಾತು ಖರೆ ಐತಿ ಅಯ್ಯಾರ. ತಲೀಗೆ ತಿಳೀತು.’ ಅವಳು ಎಡ ಅಂಗೈ ಮುಂದೆ ಹಿಡಿದಳು. ‘ಈ ಕೈಗೆ ಯಾರು ಹೇಳ್ತೀರಿ?’

ಅಯ್ಯನವರು ಕೈಯಲ್ಲಿದ್ದ ಹೊಸ ಲಿಂಗವನ್ನು ಮಡಿಲಿಗೆ ಇಳಿಸಿಕೊಂಡರು.

‘ಈ ವಯಸ್ಸಿನ್ಯಾಗ ನನಗ ಎರಡನೇ ಮದಿವಿ ಮಾಡಾಕ ಬಂದೀರಿ,’ ಎಂದಳು ಮಹಾದೇವಕ್ಕ. ‘ಮೊದಲನೇ ಗಂಡ ಇನ್ನೂ ಆಡೂರಾಗ ಅದಾನ, ಫಕ್ಕೀರವ್ವನ ಕೈ ಹಿಡಕೊಂಡು.’

ಎಲ್ಲರೂ ನಕ್ಕರು. ಅಯ್ಯನವರೂ ನಕ್ಕರು. ಮಲ್ಲೇಶಪ್ಪ ಆ ಕಡೆಯ ಕೋಣೆಯಿಂದ, ‘ಫಕ್ಕೀರವ್ವ ಏನ್ ಸಣ್ಣಾಕಿ ಅಲ್ಲ ಬಿಡ್ರಿ’ ಎಂದು ಕೂಗಿದ. ನಗು ಮುಗಿದ ಮೇಲೆ ಯಾರಿಗೂ ಯಾರ ಮುಖ ನೋಡುವುದಾಗಲಿಲ್ಲ. ಮಹಾದೇವಕ್ಕ ನಗುತ್ತಲೇ ಅಳುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನೀರೂ ಆ ದೇಹದಲ್ಲಿರಲಿಲ್ಲ.

‘ಆಕಿ ತಪ್ಪೇನಿಲ್ಲ,’ ಎಂದಳು ಆಮೇಲೆ. ‘ಆಕೀ ಲಿಂಗ ಹುಷಾರಾಗಿ ಇಡ್ರಿ. ನನ್ನ ಕೊಳ್ಳಾಗ ಬ್ಯಾಡ. ನನ್ನ ಮೈಯಾಗ ಅದಕ್ಕೂ ಹಿಂಸಿ ಆಗತಿರಬೇಕು.’

ಹಾಲೇಶ ಅದನ್ನು ತೆಗೆದು ದೇವರ ಗೂಡಿನಲ್ಲಿಟ್ಟು ದೀಪ ಹಚ್ಚಿದ. ಅಯ್ಯನವರು ತಂದಿದ್ದ ಹೊಸ ಲಿಂಗವನ್ನು ಹಾಗೆಯೇ ವಾಪಸು ಒಯ್ದರು. ಕಾಯಿಸಿದ ಹಾಲನ್ನು ಮಲ್ಲೇಶಪ್ಪನಿಗೆ ಕೊಟ್ಟರು.

*

ಪರಿಶೀಲನೆಯ ವರದಿ ಕಳಿಸುವ ದಿನ ಮಜೀದ ಸುಧಾರಾಣಿಯ ಮನೆಗೆ ಬಂದ. ಸವಣೂರು ಖಾರದ ಪೊಟ್ಟಣ ಮೇಜಿನ ಮೇಲಿಟ್ಟು, ಟ್ಯಾಬು ತೆರೆದ. ಸ್ವಚ್ಛತೆ, ಔಷಧ, ಜಳಕ, ಹಾಸಿಗೆ, ಮಾತಿನ ರೀತಿ, ಎಲ್ಲದಕ್ಕೂ ‘ನೆಳಲು’ ಮನೆಗೆ ಒಳ್ಳೆಯ ಅಂಕ ಬಂದಿತ್ತು. ಒಂದು ಪ್ರಶ್ನೆ ಉಳಿದಿತ್ತು: ನಿವಾಸಿಗಳೆಲ್ಲರೂ ದಿನವೂ ಆಹಾರ ಸೇವಿಸುತ್ತಿದ್ದಾರೆಯೇ?

‘ಹೌದು ಅಂತ ಒತ್ತಿಬಿಡ್ಲೇನ್ರಿ?’ ಎಂದ ಮಜೀದ. ‘ಇಲ್ಲ ಅಂತ ಒತ್ತಿದ್ರ ಕೆಂಪ ಆಗ್ತೈತಿ. ಹಾಲೇಶಪ್ಪನ ಮನೀಗೆ ನೋಟೀಸ್ ಹೊಕ್ಕೈತಿ. ಅಂಥಾ ಮನೀಗೆ ನೋಟೀಸ್ ಕೊಟ್ರ, ಉಳದ ಮನಿಗಳಿಗೆ ಏನ್ ಕೊಡೂದ್ರಿ?’

‘ಸುಳ್ಳು ಬರದ್ರ ಆಕಿ ಉಣ್ತಾಳೇನ?’

‘ಖರೆ ಬರದ್ರೂ ಉಣ್ಣಂಗಿಲ್ಲಲ್ರೀ.’

ಅವನು ಹೇಳಿದ್ದು ಸರಿಯಿತ್ತು. ಆದರೂ ಸುಧಾರಾಣಿಗೆ ಒಂದು ಆಸೆ. ಕಾರಣ ಬರೆದರೆ ಮೇಲೆ ಕೂತವರು ಓದುತ್ತಾರೆ. ಓದಿದವರಲ್ಲಿ ಯಾರಿಗಾದರೂ ತನಗೆ ತೋಚದ ದಾರಿ ತೋಚಬಹುದು. ಹಿರಿಯರಿದ್ದಾರೆ, ಮಠ ಬಲ್ಲವರಿದ್ದಾರೆ, ಮಹಾದೇವಕ್ಕನ ಮನಸ್ಸು ಒಲಿಸುವ ಮಾತು ಬಲ್ಲವರು ಯಾರಾದರೂ ಇದ್ದಾರು. ‘ಇಲ್ಲ’ ಒತ್ತಿಸಿದಳು. ಕಾರಣದ ಜಾಗದಲ್ಲಿ ಹಲ್ಲು, ರುಚಿ, ರೋಗ, ಮರೆವು, ಇತರೆ ಎಂದಿತ್ತು. ‘ಇತರೆ’ ಎಂದು ಒತ್ತಿಸಿ, ನಡೆದದ್ದನ್ನೆಲ್ಲ ಹೇಳಿ ಬರೆಸಿದಳು.

‘ಇಷ್ಟುದ್ದ ತಗೊಳ್ಳವಲ್ದ್ರಿ ಮೇಡಂ. ಅರ್ಧಕ್ಕ ನಿಲ್ಲಾಕತ್ತೈತಿ.’

ಕಡಿಮೆ ಮಾಡುತ್ತ ಮಾಡುತ್ತ ಕೊನೆಗೆ ಉಳಿದದ್ದು: ‘ಪೂಜೆಯ ವಸ್ತು ಕಳೆದಿರುವುದರಿಂದ ಊಟ ನಿರಾಕರಣೆ.’ ಅದನ್ನೇ ಕಳಿಸಿದರು.

ಉತ್ತರ ಬೇಗ ಬಂತು. ನಿವಾಸಿಯ ಪೌಷ್ಟಿಕತೆಯನ್ನು ಕೂಡಲೇ ಖಚಿತಪಡಿಸಬೇಕು. ತಪ್ಪಿದಲ್ಲಿ ಮನೆಯ ಪರವಾನಗಿ ಅಮಾನತು. ಸುಧಾರಾಣಿ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದಳು. ಅವರು ಕೆಟ್ಟವರಲ್ಲ, ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು.

‘ನನಗೂ ಕೆಟ್ಟ ಅನಸ್ತೈತ್ರಿ ಸುಧಾರಾಣಿಯವರ. ಆದ್ರ ದೇವರ ವಿಷಯ ನಮ್ಮ ಸಮಿತಿಗೆ ಬರಂಗಿಲ್ಲ. ಹೊಟ್ಟಿ ವಿಷಯ ಬರ್ತೈತಿ. ನಾಳೆ ಆ ಅಕ್ಕ ಉಪಾಸ ಸತ್ರ, ಕೇಳೂದು ಯಾರನ್ನ? ನಿಮ್ಮನ್ನ, ನನ್ನ, ಆ ಹಾಲೇಶನ್ನ.’

ಹಾಲೇಶ ಅದೇ ಸಂಜೆ ಫೋನ್ ಮಾಡಿದ. ಡಾಕ್ಟರು ಮೂಗಿನಿಂದ ನಳಿಕೆ ಹಾಕಲು ಹೇಳಿದ್ದಾರೆ. ಬಂದ ನರ್ಸ್ ಹುಡುಗಿಗೆ ಹಾಕಲು ಬರುತ್ತಿಲ್ಲ, ರಕ್ತ ಬರುತ್ತಿದೆ. ‘ಮನಿ ಮುಚ್ಚಿದ್ರ ಇವರನ್ನೆಲ್ಲಾ ಎಲ್ಲಿ ಒಯ್ಯಲ್ರಿ? ಮಲ್ಲೇಶಪ್ಪಗ ಮಗಳ ಮನಿ ಬಾಗಲಾ ಬಂದ್ ಐತಿ. ಒಮ್ಮಿ ಬರ್ರಿ ಮೇಡಂ. ನಿಮ್ಮ ಕೈ ಹಗರ ಐತಿ ಅಂತಾರ.’

ಸುಧಾರಾಣಿ ಹೋದಳು. ಹೋಗದಿದ್ದರೆ ನಳಿಕೆ ತುರುಕುವುದು ನಿಲ್ಲುತ್ತಿರಲಿಲ್ಲ, ರಕ್ತ ನಿಲ್ಲುತ್ತಿರಲಿಲ್ಲ. ಅವಳು ಆಯುಷ್ಯದಲ್ಲಿ ಲೆಕ್ಕವಿಲ್ಲದಷ್ಟು ಸಲ ಮಾಡಿದ ಕೆಲಸ. ನಳಿಕೆಯ ತುದಿಗೆ ಎಣ್ಣೆಯಂಥ ಜೆಲ್ಲಿ ಸವರಿ, ಮೂಗಿನಿಂದ ಕಿವಿಗೆ, ಕಿವಿಯಿಂದ ಹೊಟ್ಟೆಗೆ ಅಳತೆ ಹಿಡಿದು, ಮಹಾದೇವಕ್ಕನ ಗದ್ದವನ್ನು ಎದೆಗೆ ಬಾಗಿಸಿದಳು. ನಳಿಕೆ ಗಂಟಲಿಗೆ ಇಳಿಯುವಾಗ ರೋಗಿ ನುಂಗಬೇಕು. ನುಂಗದಿದ್ದರೆ ಅದು ಶ್ವಾಸದ ದಾರಿ ಹಿಡಿಯುತ್ತದೆ.

‘ನುಂಗ್ರಿ ಅಕ್ಕಾರ. ನುಂಗ್ರಿ. ಹಾಂ, ಇನ್ನೊಮ್ಮಿ.’

ಮಹಾದೇವಕ್ಕ ಅವಳ ಕಣ್ಣನ್ನೇ ನೋಡುತ್ತ ನುಂಗಿದಳು. ಹಟ ಮಾಡಲಿಲ್ಲ. ಹೊರಗಿನವರು ಕಷ್ಟಪಟ್ಟು ಬಂದಿದ್ದಾರೆ, ಅವರ ಮಾತು ಕೆಡಿಸಬಾರದು ಎಂಬಂತೆ ನುಂಗಿದಳು.

ಎಲ್ಲರೂ ಹೊರಗೆ ಹೋದ ಮೇಲೆ ಎಡಗೈಯಿಂದ ನಳಿಕೆಯನ್ನು ಕಿತ್ತು ಹಾಕಿದಳು. ಮತ್ತೆ ಹಾಕಿದರು, ಮತ್ತೆ ಕಿತ್ತಳು. ಮೂರನೆಯ ಸಲ ಡಾಕ್ಟರು ಕೈ ಕಟ್ಟಲು ಹೇಳಿದರು. ರಾಜಶ್ರೀ ಹಳೆಯ ಮೆತ್ತನೆಯ ಸೀರೆ ಹರಿದು ಪಟ್ಟಿ ಮಾಡಿದಳು.

*

ಮರುಪರಿಶೀಲನೆಗೆ ಬಂದಾಗ ‘ನೆಳಲು’ ಮನೆಯ ಅಂಗಳದಲ್ಲಿ ಬಿಸಿಲು ಚೆನ್ನಾಗಿತ್ತು. ಹಾಲೇಶ ಎಂದಿನಂತೆ ಹಿಂದೆ ಬರಲಿಲ್ಲ; ಬಾಗಿಲಲ್ಲೇ ನಿಂತು, ‘ಹೋಗ್ರಿ, ಒಳಗ ನೋಡ್ರಿ’ ಎಂದ. ಮೈ ಇಳಿದಿದ್ದ. ದೇವರ ಗೂಡಿನಲ್ಲಿ ಫಕ್ಕೀರವ್ವನ ಲಿಂಗಕ್ಕೆ ದೀಪ ಉರಿಯುತ್ತಿತ್ತು. ಉಳವಪ್ಪ ಅದನ್ನು ಕೇಳಲು ಬಂದಿರಲಿಲ್ಲ.

ಮಹಾದೇವಕ್ಕನ ಕೊರಳ ಗುಣಿ ತುಸು ತುಂಬಿತ್ತು. ರಾಜಶ್ರೀ ದೊಡ್ಡ ಸಿರಿಂಜಿಗೆ ರಾಗಿ ಗಂಜಿ ಸೋಸಿ ಹಾಕಿ, ನಳಿಕೆಯ ಬಾಯಿಗೆ ಹಚ್ಚಿ, ನಿಧಾನ ಇಳಿಬಿಡುತ್ತಿದ್ದಳು.

‘ತೂಕ ಏರೈತ್ರಿ,’ ಎಂದಳು ರಾಜಶ್ರೀ, ತಲೆ ಎತ್ತದೆ. ‘ಹುಣ್ಣಿಲ್ಲ. ಹೊಟ್ಟಿ ಸಾಫ್ ಐತಿ. ಕೈಗೆ ಪಟ್ಟಿ ಕಟ್ಟೂದು ನಾನರೀ, ಬ್ಯಾರೆಯವರು ಕಟ್ಟಿದ್ರ ಬಿಗೀತಾರ. ನನ್ನ ಕೂಡ ಮಾತ ಬಿಟ್ಟಾರ. ಮುಂಜಾನೆ ಬಂದ ಕೂಡ್ಲೆ ‘ಬಂದೇನ ಬುದ್ಧನ ಮಗಳ, ಬಸ್ ಸಿಕ್ತೇನ’ ಅಂತಿದ್ರು. ಈಗ ಅದೂ ಇಲ್ಲ.’

ಮಜೀದ ಟ್ಯಾಬು ನೋಡುತ್ತ ಮೆಲ್ಲಗೆ ಹೇಳಿದ: ‘ಎಲ್ಲಾ ಹಸಿರ ಆತ್ರಿ ಮೇಡಂ.’ ಅವನ ದನಿಯಲ್ಲಿ ಹಿಗ್ಗಿರಲಿಲ್ಲ. ಅವನು ಹೊರಗೆ ಹೋಗಿ ಅಂಗಳದಲ್ಲಿ ನಿಂತ. ಸಿರಿಂಜು ತೊಳೆಯಲೆಂದು ರಾಜಶ್ರೀಯೂ ಹೋದಳು.

ಸುಧಾರಾಣಿ ಮಂಚದ ಅಂಚಿನಲ್ಲಿ ಕೂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ತಪ್ಪಾಯಿತು ಎನ್ನಬೇಕೆಂದುಕೊಂಡಿದ್ದಳು. ಮುಖ ನೋಡಿದ ಮೇಲೆ ಆ ಮಾತು ತನ್ನ ಹೊರೆ ಇಳಿಸಿಕೊಳ್ಳುವ ಮಾತೆನಿಸಿತು. ಸುಮ್ಮನೆ ಎಡಗೈಯ ಪಟ್ಟಿ ಬಿಚ್ಚಿದಳು.

ಮಹಾದೇವಕ್ಕನ ಕೈ ಮೂಗಿನ ಕಡೆ ಹೋಗಲಿಲ್ಲ. ಅದು ನಿಧಾನವಾಗಿ ಎದೆಯ ಮಟ್ಟಕ್ಕೆ ಏರಿತು. ಅಂಗೈ ಮೇಲಕ್ಕೆ ತಿರುಗಿತು. ಬೆರಳುಗಳು ಒಂದಕ್ಕೊಂದು ಹತ್ತಿ, ಹೆಬ್ಬೆರಳು ಒಳಕ್ಕೆ ಬಾಗಿ, ಎಷ್ಟೋ ವರ್ಷಗಳ ರೂಢಿಯ ಆ ಬಟ್ಟಲಾಯಿತು. ಅವಳು ರೆಪ್ಪೆ ಬಡಿಯದೆ ಅದರೊಳಗೆ ನೋಡಿದಳು. ಉಸಿರು ಸಣ್ಣಗಾಯಿತು. ಸುಧಾರಾಣಿ ಮುಂದಕ್ಕೆ ಬಾಗಿದಳು. ಕಾಣದ್ದನ್ನು ಕಂಡಳೇ ಈ ಹೆಂಗಸು, ಅಯ್ಯನವರು ಹೇಳಿದ್ದು ಈಗ ಕೈಗೂ ತಿಳಿಯಿತೇ ಎಂದು ತಾನೂ ಉಸಿರು ಹಿಡಿದು, ಕೈಮುಗಿಯಲು ಹೋದಳು.

‘ಕಟ್ಟಿಬಿಡು ತಂಗಿ,’ ಎಂದಳು ಮಹಾದೇವಕ್ಕ.

‘ನೋಯಾಕತ್ತೈತೇನ್ರಿ ಅಕ್ಕಾರ? ಸ್ವಲ್ಪ ಹೊತ್ತು ಬಿಚ್ಚಿ ಇರಲಿ. ನಾ ಇಲ್ಲೇ ಇರ್ತೇನಿ.’

‘ನೋಯಂಗಿಲ್ಲ. ಖಾಲಿ ಐತಿ. ನೋಡಾಕ ಆಗವಲ್ದು. ಕಟ್ಟು.’

ತಾನೇ ಕೈಯನ್ನು ಮಂಚದ ಅಂಚಿಗೆ ಇಳಿಸಿ, ಮಣಿಕಟ್ಟು ಒಡ್ಡಿದಳು. ಸುಧಾರಾಣಿ ಪಟ್ಟಿಯನ್ನು ಸುತ್ತಿದಳು. ರಕ್ತದ ಓಟ ನಿಲ್ಲದ ಹಾಗೆ ಪಟ್ಟಿ ಮತ್ತು ಚರ್ಮದ ನಡುವೆ ತನ್ನ ಬೆರ‍ಳು ತೂರಿಸಿ ನೋಡಿ, ಗಂಟು ಹಾಕಿದಳು. ಮಹಾದೇವಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.